ತಲಿ ಮಾಸ್ತರರ ಪಟ

ಅವರು ಎಂದೂ ಹೆಡ್ ಮಾಸ್ತರರಾಗಲಿಲ್ಲ. ಆದರೆ ಆ ಕಾಲದಲ್ಲಿ ನೀವು ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹೆಡ್ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದ್ದರೆ, ಹತ್ತರಲ್ಲಿ ಎಂಟು ಜನ ನಿಮ್ಮನ್ನು ಇವರ ಮನೆಗೇ ಕಳಿಸುತ್ತಿದ್ದರು. "ಹೆಡ್ ಮಾಸ್ತರೋ, ತಲಿ ಮಾಸ್ತರೋ?" ಎಂದು ತಿರುಗಿ ಕೇಳುವ ವ್ಯವಧಾನ ಉಳಿದ ಇಬ್ಬರಿಗೆ ಮಾತ್ರ ಇರುತ್ತಿತ್ತು. ನಿಜವಾದ ಹೆಡ್ ಮಾಸ್ತರರಿಗೆ ಇದರಿಂದ ಆಗುತ್ತಿದ್ದ ಸಂಕಟ ಅಷ್ಟಿಷ್ಟಲ್ಲ. ಅವರ ಮನೆಗೆ ಬರಬೇಕಾದ ನೆಂಟರು ಇವರ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಚಹಾ ಕುಡಿದು, ಇಂಗ್ಲೆಂಡಿನ ಇತಿಹಾಸವನ್ನೂ ಕೇಳಿಸಿಕೊಂಡು ಆಮೇಲೆ ಅಲ್ಲಿಗೆ ಹೋಗುತ್ತಿದ್ದರು.

ಕಳೆದ ತಿಂಗಳು ಕುರುಗೋಡಿನಲ್ಲಿ ಅವರು ತೀರಿಕೊಂಡರು. ಅವರು ಇತಿಹಾಸ ಪಾಠ ಮಾಡಿದ ಸಿರುಗುಪ್ಪದ ಶಾಲೆಗೆ ಈಗ ನಾನೇ ಹೆಡ್ ಮಿಸ್ಟ್ರೆಸ್ಸು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕುಳಿತರೆ ಒಂದು ಹೆದರಿಕೆ. ಬರೀ ಹೊಗಳಿ ಬರೆದರೆ ಅವರು ಎಲ್ಲಿಂದಲೋ ಎದ್ದು ಬಂದು, ಮೂಗಿಗೆ ನಶ್ಯ ಏರಿಸಿ, "ಇದನ್ನ ಬರದವರು ಯಾರ ಕಡಿಯವರು?" ಎಂದು ಕೇಳಿಯಾರು.

ಅದು ಅವರ ಖಾಯಂ ಪ್ರಶ್ನೆ. ಪರೀಕ್ಷೆಯಲ್ಲಿ ಇಸವಿ ತಪ್ಪು ಬರೆದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಅದು ಯಾರು ಹೇಳಿದ ಮಾತು, ಯಾರಿಗೆ ಅನುಕೂಲವಾಗಲೆಂದು ಹೇಳಿದ್ದು ಎಂಬುದನ್ನು ಬರೆಯದಿದ್ದರೆ ಮಾತ್ರ ಮಗುವಿನ ಕತೆ ಮುಗಿಯಿತು. ನಮ್ಮ ಶಾಲೆಯಿಂದ ಇತಿಹಾಸದಲ್ಲಿ ಹೆಚ್ಚು ಅಂಕ ತೆಗೆದವರು ಕಡಿಮೆ. ಸಂತೆಯಲ್ಲಿ ಮೋಸ ಹೋಗದವರು ಹೆಚ್ಚು.

ತಲಿ ಮಾಸ್ತರ್ ಎಂಬ ಹೆಸರು ಬಂದದ್ದು ಒಂದು ಪಟದಿಂದ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಿಳಿಯರು ಬಿಟ್ಟುಹೋದ ಕುರ್ಚಿ, ಮೇಜು, ಗಡಿಯಾರಗಳನ್ನು ಮಾರುವ ಒಂದು ಹಳೇ ಸಾಮಾನಿನ ಅಂಗಡಿ ಇತ್ತು. ಅಲ್ಲಿ ಒಂದು ಕಾಲಿಲ್ಲದ ಸ್ಟೂಲಿನ ಹಿಂದೆ ಅದು ಅವರಿಗೆ ಸಿಕ್ಕಿತಂತೆ. ಗಾಜು ಹಾಕಿದ ಚೌಕಟ್ಟಿನಲ್ಲಿ ಕಪ್ಪು ಶಾಯಿಯ ಅಚ್ಚಿನ ಚಿತ್ರ. ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಗ್ಲೆಂಡಿನವರು ತಮ್ಮ ರಾಜನನ್ನು ತಾವೇ ವಿಚಾರಣೆ ಮಾಡಿ ತಲೆ ತೆಗೆಸಿದರಲ್ಲ, ಆ ಪ್ರಸಂಗ. ದೊಡ್ಡ ಅರಮನೆಯ ಮುಂದೆ ಒಂದು ಅಟ್ಟಣಿಗೆ. ಅದರ ಮೇಲೆ ಮೊಣಕಾಲೂರಿದ ಹಾಗೇ ಮುಂದಕ್ಕೆ ಬಿದ್ದ ರಾಜನ ದೇಹ. ಮುಖ ಮುಚ್ಚಿಕೊಂಡ ಒಬ್ಬ ತಲೆಯನ್ನು ಎತ್ತಿ ಹಿಡಿದಿದ್ದಾನೆ. ಕೆಳಗೆ ಜನವೋ ಜನ. ಒಬ್ಬ ಹೆಂಗಸು ಮೂರ್ಛೆ ಹೋಗಿದ್ದಾಳೆ, ಕೆಲವರು ಕೈವಸ್ತ್ರವನ್ನು ರಕ್ತದಲ್ಲಿ ಅದ್ದಿಕೊಳ್ಳುತ್ತಿದ್ದಾರೆ, ಒಬ್ಬ ಮುದುಕ ಕಣ್ಣೊರೆಸಿಕೊಳ್ಳುತ್ತಿದ್ದಾನೆ.

ಇದನ್ನು ತಂದು ನಮ್ಮ ಸ್ಟಾಫ್ ರೂಮಿನಲ್ಲಿ ತಮ್ಮ ಕುರ್ಚಿಯ ನೆತ್ತಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದರು. ನಾನು ಕನ್ನಡ ಕಲಿಸಲು ಆಗಷ್ಟೇ ಸೇರಿದ್ದೆ. ಅವರೆದುರಿನ ಕುರ್ಚಿ ನನ್ನದು. ಬುತ್ತಿ ಬಿಚ್ಚಿದಾಗಲೆಲ್ಲ ಕಡಿದ ತಲೆಯನ್ನೇ ನೋಡುತ್ತ ಉಣ್ಣಬೇಕು. ವಾರ ಕಳೆಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು.

"ಮಾಸ್ತರ, ಆ ಪಟ ತೆಗೀರಿ. ಅನ್ನ ಗಂಟಲದಾಗ ಇಳೀವಲ್ದು."

"ನೀವು ತಲಿ ನೋಡಾಕ ಹತ್ತೀರಿ ಅಕ್ಕೋರ," ಅಂದರು. "ತಲಿ ಬಿಡ್ರಿ. ಅಳೋರ್ನ ನೋಡ್ರಿ. ಯಾರದರ ಸಾವಿನ ಪಟ ಕೈಗೆ ಸಿಕ್ರ ಮೊದಲು ಅಳೋರ್ನ ಹುಡುಕಬೇಕು. ಅಳೋರು ಕಂಡ್ರ, ಪಟ ಬರದವ ಸತ್ತವನ ಕಡಿಯವ. ಅಳೋರು ಇಲ್ಲಂದ್ರ ಕೊಂದವನ ಕಡಿಯವ. ಈ ಪಟ ಬರಿಸಿದ್ದು ರಾಜನ ಕಡಿಯವರು. ನೋಡಿದವರು ಕೈ ಮುಗೀಲಿ ಅಂತ ಬರಿಸ್ಯಾರ."

ಇನ್ನೊಂದು ಚಿತ್ರವೂ ಅವರ ಬಳಿ ಇತ್ತು. ಯಾವುದೋ ಹಳೇ ಪುಸ್ತಕದ ಹಾಳೆಯನ್ನು ರಟ್ಟಿಗೆ ಅಂಟಿಸಿ, ಕಂಕುಳಲ್ಲಿ ಇಟ್ಟುಕೊಂಡು ಕ್ಲಾಸಿಗೆ ಒಯ್ಯುತ್ತಿದ್ದರು. ಅದು ಫ್ರಾನ್ಸಿನ ರಾಜನ ತಲೆ ತೆಗೆದದ್ದು. ಅದರಲ್ಲಿ ಅಳುವವರಿಲ್ಲ, ಜನ ಟೊಪ್ಪಿಗೆ ಎತ್ತಿ ಕುಣಿಯುತ್ತಿದ್ದಾರೆ. ಪಕ್ಕದಲ್ಲಿ ಒಂದು ಎತ್ತರದ ಕಲ್ಲಿನ ಕಟ್ಟೆ, ಮೇಲೆ ಏನೂ ಇಲ್ಲ. ಹಿಂದಿನ ರಾಜನ ಮೂರ್ತಿ ಇದ್ದ ಜಾಗವಂತೆ ಅದು. ಮೂರ್ತಿ ಕೆಡವಿದವರು ಕಟ್ಟೆ ಬಿಟ್ಟಿದ್ದಾರೆ. "ಕಟ್ಟಿ ಯಾಕ ಒಡೀಲಿಲ್ಲ ಹೇಳ್ರಿ?" ಎಂದು ಮಕ್ಕಳನ್ನು ಕೇಳುತ್ತಿದ್ದರು. ಯಾರೂ ಹೇಳದಿದ್ದರೆ ತಾವೇ ಹೇಳುತ್ತಿದ್ದರು: "ನಾಳೆ ಮತ್ತ ಯಾರರ ಏರಿ ನಿಂದ್ರಾಕ ಬೇಕಲ್ಲ, ಅದಕ್ಕ."

ಅವರ ಈ ಕಣ್ಣಿನಿಂದ ನನಗೂ ಬಿಡುಗಡೆ ಇರಲಿಲ್ಲ. ನನ್ನ ಮದುವೆಯ ಆಲ್ಬಮ್ಮನ್ನು ಹುಮ್ಮಸ್ಸಿನಿಂದ ಶಾಲೆಗೆ ಒಯ್ದಿದ್ದೆ. ಎಲ್ಲರೂ ಸೀರೆ ನೋಡಿದರು, ಸರ ನೋಡಿದರು. ಇವರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ತಿರುವಿ, "ಫೋಟೋದವ ಗಂಡಿನ ಕಡಿಯವ, ಹೌದಲ್ಲ?" ಅಂದರು. ಹೌದು, ಬಳ್ಳಾರಿಯಿಂದ ನಮ್ಮ ಮಾವನವರೇ ಕರೆಸಿದ್ದರು. ಹೇಗೆ ಗೊತ್ತಾಯಿತು ಅಂದೆ. "ಇಷ್ಟು ಫೋಟೋದಾಗ ನಿಮ್ಮ ಅವ್ವ ಅಳೋದು ಒಂದೂ ಇಲ್ಲ." ನನ್ನ ಅವ್ವ ಆ ದಿನವೆಲ್ಲ ಅತ್ತಿದ್ದಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಇಡೀ ಆಲ್ಬಮ್ಮು ಮತ್ತೆ ನೋಡಿದೆ. ಒಂದು ಕಡೆಯೂ ಅವಳ ಕಣ್ಣು ಒದ್ದೆ ಇರಲಿಲ್ಲ. ಅವತ್ತು ಅವರ ಮೇಲೆ ಬಂದ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಈಗ ಹಂಪಮ್ಮನ ವಿಷಯ ಹೇಳಬೇಕು. ಹಂಪಮ್ಮ ನಮ್ಮ ಶಾಲೆಯ ಆಯಾ. ದೇಶನೂರಿನ ಸೊಸೆ, ತವರು ಕುರುಗೋಡಿನ ಪಕ್ಕದ ಹಳ್ಳಿ. ಕಸ ಹೊಡೆಯುವುದು, ನೀರು ತುಂಬುವುದು, ಗಂಟೆ ಬಾರಿಸುವುದು ಎಲ್ಲ ಅವಳೇ. ದಿನಗೂಲಿಯ ಕೆಲಸ; ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಓದು ಬರಹ ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಇಂಗ್ಲೆಂಡಿನ ರಾಜನ ಗಾಜಿನ ಮೇಲೆ ಮೂರು ಬೆರಳ ವಿಭೂತಿ, ಚೌಕಟ್ಟಿನ ಸಂದಿಯಲ್ಲಿ ಒಂದು ಕಣಗಿಲೆ ಹೂ. ಸ್ಟಾಫ್ ರೂಮಿನಲ್ಲಿ ನಗುವೋ ನಗು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಮಾಸ್ತರರು ಮಾತ್ರ ನಗಲಿಲ್ಲ. ಅವಳನ್ನು ಕರೆದು, "ಯಾರವ್ವಾ ಇವರು?" ಎಂದು ಕೇಳಿದರು.

"ತಲಿ ಕೊಟ್ಟ ಶರಣರು ಅಲ್ಲೇನ್ರಿ?" ಅಂದಳು ಹಂಪಮ್ಮ. "ನಮ್ಮೂರ ಹೊಲದಾಗ ಕಲ್ಲೈತಲ್ರಿ ಮಾಸ್ತರ, ಹಿಂಗ ಮಣಕಾಲ ಊರಿ ಕುಂತು ಶಿವಗ ತಲಿ ಕೊಟ್ಟಾರ. ಅವರ ಇವರು. ನೋಡ್ರಿ, ಮಂದಿ ಹೆಂಗ ಅಳಾಕ ಹತ್ಯಾರ. ರಕ್ತಾನೂ ಪ್ರಸಾದ ಅಂತ ಅರಿವ್ಯಾಗ ತಗೊಳಾಕ ಹತ್ಯಾರ."

ಕುರುಗೋಡಿನ ಸುತ್ತ ಅಂಥ ವೀರಗಲ್ಲುಗಳಿವೆ. ದೇವರಿಗೆ ತನ್ನ ತಲೆಯನ್ನು ತಾನೇ ಅರ್ಪಿಸಿಕೊಂಡವರ ಕಲ್ಲುಗಳು. ಮಾಸ್ತರರೂ ಅದೇ ಊರಿನವರು, ಆ ಕಲ್ಲುಗಳ ಮೇಲೆ ಹತ್ತಿ ಇಳಿದು ಬೆಳೆದವರು. ಅವರು ಮೇಜಿನ ಮೇಲಿದ್ದ ನಶ್ಯದ ಡಬ್ಬಿಯನ್ನು ಮರೆತು ಕ್ಲಾಸಿಗೆ ಹೋದರು. ಡಬ್ಬಿ ಮರೆತದ್ದು ನಾನು ಕಂಡಂತೆ ಅದೊಂದೇ ಸಲ.

"ನಾನು ಬಿ.ಎ. ಓದಿ, ಹತ್ತು ವರ್ಷ ಈ ಪಟ ನೋಡಿ ತಿಳಕೊಂಡಿದ್ದನ್ನ ಆಕಿ ಒಂದ ಸಲಕ್ಕ ಓದಿಬಿಟ್ಟಳಲ್ರಿ," ಎಂದು ಮಧ್ಯಾಹ್ನ ನನ್ನ ಮುಂದೆ ಕುಳಿತು ಹೇಳಿದರು. "ರಕ್ತ ಅರಿವ್ಯಾಗ ತಗೊಳ್ಳೋದು ಪ್ರಸಾದ. ಎಷ್ಟು ಸರಿ! ಪಟ ಬರಿಸಿದವರು ಇದನ್ನ ಕೇಳಿದ್ರ ಆಕಿ ಕಾಲು ಹಿಡೀತಿದ್ರು." ಅವತ್ತಿನಿಂದ ಪ್ರತಿ ಸೋಮವಾರ ವಿಭೂತಿ ಬೀಳುತ್ತಿತ್ತು. ಯಾರೂ ಒರೆಸಕೂಡದು ಎಂದು ಮಾಸ್ತರರ ಅಪ್ಪಣೆ.

ತುರ್ತು ಪರಿಸ್ಥಿತಿ ಬಂತು. ನಮ್ಮ ಹೆಡ್ ಮಾಸ್ತರರು ಅದೇ ಹೊತ್ತಿಗೆ ನಿವೃತ್ತರಾದರು. ಹಿರಿತನದಲ್ಲಿ ಮುಂದಿನವರು ಇವರೇ. ಏಳು ತಿಂಗಳು ಇನ್‌ಚಾರ್ಜ್ ಹೆಡ್ ಮಾಸ್ತರರಾಗಿ ಆ ಕುರ್ಚಿಯಲ್ಲಿ ಕುಳಿತರು. ಇನ್ನೇನು ಬಳ್ಳಾರಿಯಿಂದ ಖಾಯಂ ಆರ್ಡರು ಬರಬೇಕು. ಅವರ ಹೆಂಡತಿ ಆರ್ಡರು ಬಂದ ದಿನ ಶಾಲೆಗೆಲ್ಲ ಹೋಳಿಗೆ ಮಾಡುತ್ತೇನೆಂದು ಬೇಳೆ ಆರಿಸಿಟ್ಟಿದ್ದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮನುಷ್ಯ. ಆಸೆ ಇರಲಿಲ್ಲ ಎಂದು ನಾನು ಹೇಳಲಾರೆ. ಹೊಸ ಕೋಟು ಹೊಲಿಸಿದ್ದರು. ತೋಳು ಸ್ವಲ್ಪ ಉದ್ದವಾಗಿತ್ತು, ಅದನ್ನು ಮಡಚಿಕೊಂಡೇ ಓಡಾಡುತ್ತಿದ್ದರು.

ಆ ದಿನಗಳಲ್ಲೂ ಬಾಯಿ ಬಿಗಿಹಿಡಿಯುವುದು ಅವರಿಗೆ ಬರಲಿಲ್ಲ. ಪೇಪರಿನ ಫೋಟೋಗಳನ್ನು ತೋರಿಸಿ, "ನೋಡ್ರಿ ಅಕ್ಕೋರ, ಎಲ್ಲಾರೂ ನಗಾಕ ಹತ್ಯಾರ. ಒಬ್ಬರೂ ಅಳಾವಲ್ರು. ಫೋಟೋದವ ಯಾರ ಕಡಿಯವ?" ಎನ್ನುತ್ತಿದ್ದರು. ನಾನು ಕಿಟಕಿ ಮುಚ್ಚಿ ಬರುತ್ತಿದ್ದೆ.

ಯಾರೋ ಮೂಗರ್ಜಿ ಬರೆದರು. ಕೆಳಗೆ ಸಹಿ ಇಲ್ಲ. ಇಂಥ ಮಾಸ್ತರರು ಆಳುವವರ ತಲೆ ಕಡಿಯುವ ಪಟವನ್ನು ಶಾಲೆಯಲ್ಲಿ ತೂಗುಹಾಕಿ, ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದಾರೆ ಎಂದು. ಖಾಲಿ ಕಟ್ಟೆಯ ಮಾತನ್ನೂ ಅದರಲ್ಲಿ ಉಪ್ಪು ಖಾರ ಹಚ್ಚಿ ಸೇರಿಸಿದ್ದರು. ವಿಚಾರಣೆಗೆ ಬಳ್ಳಾರಿಯಿಂದ ಒಬ್ಬ ಸಾಹೇಬರು ಬಂದರು. ಮೈಸೂರು ಕಡೆಯವರು, ಮೆತ್ತಗಿನ ಮಾತು. ಕೆಟ್ಟವರಲ್ಲ. ಇಷ್ಟು ವರ್ಷ ಕಳೆದ ಮೇಲೂ ನಾನು ಅವರನ್ನು ಕೆಟ್ಟವರೆನ್ನುವುದಿಲ್ಲ.

ಪಟದ ಮುಂದೆ ನಿಂತು, ಗಾಜಿನ ಮೇಲಿನ ವಿಭೂತಿ ನೋಡಿ ಅವರ ಮುಖ ಅರಳಿತು. "ಇದನ್ನ ಯಾರು ಹಚ್ಚಿದ್ದು?" ಅಂದರು. ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ಹಂಪಮ್ಮ, "ನಾನ ಹಚ್ಚೀನ್ರಿ ಸಾಹೇಬ್ರ. ತಲಿ ಕೊಟ್ಟ ಶರಣರು," ಅಂದಳು. ಸಾಹೇಬರು ಅವಳನ್ನು ಹೊರಗೆ ಕಳಿಸಿ, ಮಾಸ್ತರರನ್ನೂ ನನ್ನನ್ನೂ ಕೂರಿಸಿಕೊಂಡರು.

"ನೋಡಿ ಮೇಷ್ಟ್ರೇ, ದಾರಿ ತಾನಾಗೇ ಸಿಕ್ಕಿದೆ. ಈ ಪಟ ಏನು ಅಂತ ಆಯಾಗೆ ಗೊತ್ತಿಲ್ಲ. ದೇವರು ಅಂದ್ಕೊಂಡು ಎಲ್ಲಿಂದಲೋ ತಂದು ಹಾಕಿದಾಳೆ. ನೀವು ಗಮನಿಸಿಲ್ಲ. ಹಾಗಂತ ಎರಡು ಸಾಲು ಬರೆದುಕೊಡಿ, ಫೈಲು ಮುಚ್ಚಿಬಿಡ್ತೀನಿ. ನಿಮ್ಮ ಆರ್ಡರು ಮುಂದಿನ ತಿಂಗಳು ಬರುತ್ತೆ."

"ಹಂಪಮ್ಮ?" ಅಂದರು ಮಾಸ್ತರರು.

"ದಿನಗೂಲಿ ತಾನೆ? ಬೇರೆ ಯಾರನ್ನಾದರೂ ಇಟ್ಕೊಳ್ಳಿ."

ಮಾಸ್ತರರು ನಶ್ಯದ ಡಬ್ಬಿ ತೆಗೆದರು. ಅದನ್ನೇ ಒಪ್ಪಿಗೆ ಎಂದುಕೊಂಡು ನಾನೇ ಕಾಗದ ಎಳೆದುಕೊಂಡೆ. ಕನ್ನಡ ಕಲಿಸುವವಳು, ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. "ಸದರಿ ಪಟವನ್ನು ಶಾಲೆಯ ಆಯಾ ದೇವರ ಪಟವೆಂದು ಭ್ರಮಿಸಿ, ತಿಳಿಯದೆ ಗೋಡೆಗೆ ಹಾಕಿ ಪೂಜಿಸಿರುತ್ತಾಳೆ. ನಾನು ಇದನ್ನು ಗಮನಿಸಿರುವುದಿಲ್ಲ." ಅಕ್ಷರ ಮುತ್ತಿನಂತೆ ಬಂದಿತ್ತು. ನನ್ನ ತಲೆಯಲ್ಲಿ ಇದ್ದದ್ದು ಆ ಮನೆಯ ಹೋಳಿಗೆ, ಆ ಉದ್ದ ತೋಳಿನ ಕೋಟು. ಹಂಪಮ್ಮನಿಗೆ ಎಲ್ಲಾದರೂ ಕಸ ಹೊಡೆಯುವ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಾಸ್ತರರು ಓದಿದರು. ಕೆಂಪು ಶಾಯಿಯ ಪೆನ್ನು ತೆಗೆದರು, ಮಕ್ಕಳ ಪೇಪರು ತಿದ್ದುವ ಪೆನ್ನು.

"ಅಕ್ಕೋರ, ನಿಮ್ಮ ಕನ್ನಡ ಚಂದ ಐತಿ. ಆದ್ರ ಒಂದು ತಪ್ಪೈತಿ," ಅಂದರು.

'ತಿಳಿಯದೆ' ಎಂಬುದನ್ನು ಹೊಡೆದುಹಾಕಿ ಮೇಲೆ 'ತಿಳಿದೇ' ಎಂದು ಬರೆದರು. ಆಮೇಲೆ ಉಳಿದದ್ದನ್ನೂ ತಿದ್ದಿದರು. ಕೊನೆಗೆ ಆ ಕಾಗದದಲ್ಲಿ ಉಳಿದದ್ದು ಇಷ್ಟು: "ಸದರಿ ಪಟವನ್ನು ನಾನು ಗೋಡೆಗೆ ಹಾಕಿರುತ್ತೇನೆ. ಶಾಲೆಯ ಆಯಾ ತಿಳಿದೇ ಪೂಜಿಸಿರುತ್ತಾಳೆ." ಕೆಳಗೆ ಸಹಿ ಮಾಡಿ ಸಾಹೇಬರ ಕಡೆ ಸರಿಸಿದರು.

ಸಾಹೇಬರು ಎರಡು ಸಲ ಓದಿದರು. "ತಿಳಿದೇ ಅಂದ್ರೆ ಏನ್ರೀ ಅರ್ಥ?"

"ಮೂಗರ್ಜಿ ಬರದವರು ಬರೀ ತಲಿ ನೋಡ್ಯಾರ್ರಿ. ಅಳೋರ್ನ ನೋಡಿಲ್ಲ. ಇದು ರಾಜನ್ನ ಕೊಲ್ಲಂತ ಹೇಳೋ ಪಟ ಅಲ್ಲ, ಕೊಂದಿದ್ದಕ್ಕ ಅಳೋ ಪಟ. ಅದು ಈ ಶಾಲಿಯೊಳಗ ಆಕಿ ಒಬ್ಬಾಕಿಗೆ ತಾನಾಗಿ ತಿಳೀತು. ಅಂಥಾಕಿನ್ನ ತಿಳೀಲಾರದಾಕಿ ಅಂತ ನಾ ಹೆಂಗ ಸಹಿ ಹಾಕ್ಲಿ?"

"ಇದನ್ನೆಲ್ಲ ಮೇಲಿನವರಿಗೆ ನಾನು ಹೇಗೆ ಬರೀಲಿ ಮೇಷ್ಟ್ರೇ?" ಅಂದರು ಸಾಹೇಬರು. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಪಟವನ್ನು ಇಳಿಸಿ, ಪೇಪರಿನಲ್ಲಿ ಸುತ್ತಿ, ಜೀಪಿನಲ್ಲಿಟ್ಟುಕೊಂಡು ಹೋದರು. ಅದು ಮತ್ತೆ ಬರಲಿಲ್ಲ. ತಿಂಗಳೊಳಗೆ ಮಾಸ್ತರರಿಗೆ ರೂಪನಗುಡಿಗೆ ವರ್ಗವಾಯಿತು, ಸಹಶಿಕ್ಷಕರಾಗಿ. ಹೆಡ್ ಮಾಸ್ತರರಾಗಿ ಬೇರೆ ಊರಿನಿಂದ ಯಾರೋ ಬಂದರು. ಹಂಪಮ್ಮನ ಕೆಲಸಕ್ಕೆ ಯಾರೂ ಕೈ ಹಚ್ಚಲಿಲ್ಲ. ಮುಂದೆ ಅದು ಖಾಯಂ ಕೂಡ ಆಯಿತು.

ನಾನು ಅವರೊಡನೆ ಮಾತು ಬಿಟ್ಟೆ. ತಪ್ಪು ಮಾಡಿದವಳು ನಾನು, ಮುನಿಸಿಕೊಂಡವಳೂ ನಾನೇ. ಹೊರಡುವ ದಿನ ಅವರೇ ಬಂದು ಎದುರು ಕುಳಿತರು. ತಡೆಯಲಾರದೆ, "ಒಂದ ಶಬ್ದಕ್ಕ ಹುದ್ದೆ ಕಳಕೊಂಡ್ರಲ್ರಿ ಮಾಸ್ತರ," ಅಂದೆ.

"ಊರೆಲ್ಲ ತಲಿ ಮಾಸ್ತರ್ ಅಂತ ಕರೀತೈತಿ. ಒಮ್ಮೆರ ಆ ತಲಿ ಉಪಯೋಗ ಮಾಡಬ್ಯಾಡೇನ್ರಿ?" ಎಂದು ನಕ್ಕು, ಸೀನಿ, ಎದ್ದು ಹೋದರು. ಆ ಬೇಳೆಯಲ್ಲಿ ಅವರ ಹೆಂಡತಿ ಹೋಳಿಗೆ ಮಾಡಿಯೇ ಕಳಿಸಿದ್ದರು. ನಾನು ತಿನ್ನಲಿಲ್ಲ, ಮನೆಗೆ ಒಯ್ದು ಮಕ್ಕಳಿಗೆ ಕೊಟ್ಟೆ.

ತುರ್ತು ಪರಿಸ್ಥಿತಿ ಹೋಯಿತು. ಅನ್ಯಾಯವಾದವರೆಲ್ಲ ಅರ್ಜಿ ಹಾಕುತ್ತಿದ್ದರು. ನೀವೂ ಹಾಕಿ, ನಾನೇ ಬರೆದುಕೊಡುತ್ತೇನೆ ಎಂದು ಕಾಗದ ಹಾಕಿದೆ. "ನೀವು ಬರದ ಅರ್ಜಿ ನಾ ಮತ್ತ ತಿದ್ದಬೇಕಾಗತೈತಿ, ಬ್ಯಾಡ" ಎಂದು ಕಾರ್ಡು ಬಂತು. ರೂಪನಗುಡಿಯಲ್ಲೇ ನಿವೃತ್ತರಾಗಿ ಕುರುಗೋಡಿಗೆ ಹೋದರು.

ಅಲ್ಲಿಗೆ ಒಮ್ಮೆ ಹೋಗಿದ್ದೆ. ಹಂಪಮ್ಮ ಹೇಳಿದ ಕಲ್ಲನ್ನು ತೋರಿಸಲು ಅವರೂ ಅವರ ಹೆಂಡತಿಯೂ ಕರೆದುಕೊಂಡು ಹೋದರು. ಮೊಣಕಾಲೂರಿದ ವೀರ, ಎದುರಿಗೆ ಲಿಂಗ. ಮೇಲಿನ ಸಾಲಿನಲ್ಲಿ ಅದೇ ವೀರನನ್ನು ಅಪ್ಸರೆಯರು ತೋಳು ಹಿಡಿದು ಒಯ್ಯುತ್ತಿದ್ದಾರೆ, ಎಲ್ಲರ ಮುಖದಲ್ಲೂ ನಗು. ಈ ಸಲ ನಾನೇ ಕೇಳಿದೆ, "ಇಲ್ಲಿ ಅಳೋರು ಯಾರೂ ಇಲ್ಲಲ್ರಿ ಮಾಸ್ತರ. ಕಲ್ಲು ಕೆತ್ತಿದವ ಯಾರ ಕಡಿಯವ?"

ಅವರು ಬಗ್ಗಿ ಕಲ್ಲಿನ ಮೂಲೆ ಮೂಲೆ ಹುಡುಕಿದರು. "ಇವನ ಹೇಣ್ತಿ ಎಲ್ಯರ ಅತ್ತಿರಬೇಕು ಅಕ್ಕೋರ. ಕಲ್ಲಿನಾಗ ಆಕಿಗೆ ಜಾಗ ಇಟ್ಟಿಲ್ಲ," ಅಂದರು. ಅವರ ಹೆಂಡತಿ ಹೊಲದ ಕಡೆಗೆ ಮುಖ ಮಾಡಿ ನಿಂತಿದ್ದರು.

ಎರಡು ವರ್ಷದ ಹಿಂದೆ ನಾನು ಹೆಡ್ ಮಿಸ್ಟ್ರೆಸ್ ಆದಾಗ, ಆಫೀಸಿನಲ್ಲಿದ್ದ 'ಸೇವೆ ಸಲ್ಲಿಸಿದ ಮುಖ್ಯೋಪಾಧ್ಯಾಯರು' ಎಂಬ ಹಲಗೆಗೆ ಹೊಸ ಬಣ್ಣ ಹೊಡೆಸಿದೆ. ಹೆಸರು ಬರೆಯುತ್ತಿದ್ದ ಪೇಂಟರು ನಡುವೆ ನಿಲ್ಲಿಸಿ, "ಅಕ್ಕೋರ, ಈ ಹೆಸರಿಗೂ ಮುಂದಿನ ಹೆಸರಿಗೂ ನಡುವ ಏಳು ತಿಂಗಳು ಯಾರೂ ಇಲ್ರಿ. ಏನು ಬರೀಲಿ?" ಅಂದ. ಇನ್‌ಚಾರ್ಜ್ ಇದ್ದವರ ಹೆಸರು ಬರೆಯುವ ಪದ್ಧತಿ ಇಲ್ಲ. ನನಗೆ ನಿಯಮ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ "ಮುಂದಕ್ಕೆ ಹೋಗು" ಎನ್ನಲು ಬಾಯಿ ಬರಲಿಲ್ಲ, "ಬರಿ" ಎನ್ನಲು ಧೈರ್ಯ ಬರಲಿಲ್ಲ. "ಒಂದು ಸಾಲು ಖಾಲಿ ಬಿಡಪ್ಪ," ಅಂದೆ.

ಸುದ್ದಿ ಬಂದ ದಿನ ಶಾಲೆಗೆ ರಜೆ ಕೊಟ್ಟು ಆಫೀಸಿನಲ್ಲಿ ಒಬ್ಬಳೇ ಕುಳಿತಿದ್ದೆ. ಹಂಪಮ್ಮ ಬಂದಳು. ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ದೇಶನೂರಿನಿಂದ ಬಸ್ಸು ಹಿಡಿದು ಬಂದಿದ್ದಳು. ಕುರುಗೋಡಿಗೆ ಹೋಗುವ ಮೊದಲು ಶಾಲೆಯಲ್ಲಿ ಮಾಸ್ತರರ ಪಟ ಇದ್ದರೆ ನೋಡಿ ಹೋಗೋಣ ಅಂತ. ಪಟ ಇಲ್ಲ ಅಂದೆ. ಅವಳು ಹಲಗೆಯ ಕಡೆ ನೋಡಿ, "ಹೆಸರರ ಐತೇನ್ರಿ? ಎಲ್ಲೈತಿ, ತೋರಿಸ್ರಿ," ಅಂದಳು.

ಓದಲು ಬಾರದವಳು. ಯಾವ ಹೆಸರನ್ನು ತೋರಿಸಿದ್ದರೂ ನಂಬುತ್ತಿದ್ದಳು. ನನ್ನ ಕೈ ಆ ಖಾಲಿ ಸಾಲಿಗೆ ಹೋಯಿತು.

"ಇಲ್ಲಿ ಏನೂ ಬರದಿಲ್ಲಲ್ರಿ ಅಕ್ಕೋರ."

"ಬರದಿಲ್ಲ ಹಂಪಮ್ಮ," ಅಂದೆ. ಅಷ್ಟರಲ್ಲಿ ನನಗೆ ಅಳು ಬಂತು. ಅವಳು ಅತ್ತದ್ದು ಆಮೇಲೆ.

ಅವಳು ಸೆರಗಿನ ಗಂಟು ಬಿಚ್ಚಿದಳು. ಮೂರು ಬೆರಳಿಗೆ ವಿಭೂತಿ ತಗೊಂಡು, ಕುರ್ಚಿ ಎಳೆದು ಹತ್ತಿ, ಎರಡು ಹೆಸರುಗಳ ನಡುವೆ ಎಳೆದಳು. "ಈಗ ಐತಿ ನೋಡ್ರಿ," ಎಂದು ಇಳಿದು, ಮೂಗು ಒರೆಸಿಕೊಂಡು ಬಸ್ಸಿಗೆ ಹೋದಳು.

ಮೊನ್ನೆ ಇನ್‌ಸ್ಪೆಕ್ಷನ್ ಇತ್ತು. ಬಳ್ಳಾರಿಯಿಂದ ಬಂದ ಹೊಸ ಸಾಹೇಬರು ಚಿಕ್ಕ ವಯಸ್ಸಿನವರು, ಚುರುಕು. ರಿಜಿಸ್ಟರೆಲ್ಲ ನೋಡಿ ಏಳುವಾಗ ಹಲಗೆಯ ಮೇಲೆ ಕಣ್ಣು ಬಿತ್ತು. "ಇದೇನ್ ಮೇಡಂ, ಇಲ್ಲಿ ವಿಭೂತಿ? ಯಾರೋ ತಿಳೀದೆ ಹಚ್ಚಿರಬೇಕು. ಒರೆಸೋಕೆ ಹೇಳಿ," ಅಂದರು.

"ಇಲ್ರಿ," ಅಂದೆ. "ತಿಳಿದೇ ಹಚ್ಚ್ಯಾರ."